‘ನಿಧಾನವಾಗಿ ಬನ್ನಿ’ ಎನ್ನುವ ಕಡಲಂಚಿನ ಮನೆ

ಮೊದಲಿಗೆ ಮಕ್ಕಳಿಗೊಂದು ಒಗಟು. ‘ಇ-1027’. ಇದೇನು ಹೇಳಿ ನೋಡೋಣ? ರೈಲಿನ ನಂಬರೇ? ಬಾಹ್ಯಾಕಾಶ ನೌಕೆಯೇ? ಗೂಢಚಾರನ ಗುರುತಿನ ಸಂಖ್ಯೆಯೇ?

ಯಾವುದೂ ಅಲ್ಲ. ಇದು ಒಂದು ಮನೆಯ ಹೆಸರು! ನಮ್ಮೂರಿನಲ್ಲಿ ಮನೆಗೆ ‘ಶ್ರೀನಿಲಯ’, ‘ಮಾತೃಛಾಯಾ’, ‘ಆಶೀರ್ವಾದ’ ಎಂದೆಲ್ಲ ಹೆಸರಿಡುತ್ತೇವಲ್ಲ, ಹಾಗೆಯೇ ಫ್ರಾನ್ಸ್ ದೇಶದ ದಕ್ಷಿಣ ತೀರದಲ್ಲಿ ಒಬ್ಬ ಮಹಿಳೆ ತಾನು ಕಟ್ಟಿದ ಮನೆಗೆ ಈ ಗುಟ್ಟಿನ ಹೆಸರಿಟ್ಟಳು. ಅವಳ ಹೆಸರು ಐಲೀನ್ ಗ್ರೇ. ಆ ಮನೆ ಕಟ್ಟುವಾಗ ಅವಳ ಜೊತೆಗಿದ್ದ ಗೆಳೆಯ ಜಾನ್ ಬಾದೊವಿಚಿ. ಈಗ ಇಂಗ್ಲಿಷ್ ಅಕ್ಷರಮಾಲೆಯನ್ನು ಬೆರಳಿನಲ್ಲಿ ಎಣಿಸಿ. ‘ಇ’ ಎಂದರೆ ಐಲೀನ್ ಹೆಸರಿನ ಮೊದಲ ಅಕ್ಷರ. ಹತ್ತನೆಯ ಅಕ್ಷರ ‘ಜೆ’, ಅದು ಜಾನ್. ಎರಡನೆಯ ಅಕ್ಷರ ‘ಬಿ’, ಅದು ಬಾದೊವಿಚಿ. ಏಳನೆಯದು ‘ಜಿ’, ಅದು ಗ್ರೇ. ಗೆಳೆಯನ ಹೆಸರನ್ನು ನಡುವೆ ಇಟ್ಟು, ಎರಡೂ ಬದಿಯಲ್ಲಿ ತನ್ನ ಹೆಸರನ್ನು ಕೂರಿಸಿದ್ದಾಳೆ. ನನ್ನ ಜೊತೆ ಬಂದಿದ್ದ ಮೊಮ್ಮಗಳು ಇದನ್ನು ರೈಲಿನಲ್ಲೇ ಬಿಡಿಸಿಬಿಟ್ಟಳು. ಆಮೇಲೆ ದಾರಿಯುದ್ದಕ್ಕೂ ನಮ್ಮ ಮನೆಯವರೆಲ್ಲರ ಹೆಸರನ್ನೂ ಸಂಖ್ಯೆ ಮಾಡುವುದೇ ಅವಳ ಕೆಲಸ.

ನಾನು ಕರಾವಳಿಯ ಊರೊಂದರಲ್ಲಿ ಶಾಲಾ ಮಾಸ್ತರನಾಗಿದ್ದು ನಿವೃತ್ತನಾದವನು. ಹುಟ್ಟಿದ್ದು ಮುರಕಲ್ಲಿನ ಗೋಡೆ, ಮಂಗಳೂರು ಹೆಂಚಿನ ಮಾಡು ಇದ್ದ ಮನೆಯಲ್ಲಿ. ಈಗ ಇರುವುದು ಕಾಂಕ್ರೀಟ್ ಮನೆಯಲ್ಲಿ. ಉಪ್ಪುಗಾಳಿ ಮನೆಗೆ ಏನೇನು ಮಾಡುತ್ತದೆ ಎಂಬುದನ್ನು ನೋಡುತ್ತಲೇ ಬೆಳೆದವನಾದ್ದರಿಂದ, ಮಗನ ಮನೆಗೆಂದು ಫ್ರಾನ್ಸಿಗೆ ಹೋದಾಗ, ಸುಮಾರು ನೂರು ವರ್ಷದ ಹಿಂದೆ ಕಡಲಿನ ನೆತ್ತಿಯ ಮೇಲೆ ಕಟ್ಟಿದ ಕಾಂಕ್ರೀಟ್ ಮನೆಯೊಂದನ್ನು ಮೊದಲಿದ್ದಂತೆಯೇ ಮತ್ತೆ ನಿಲ್ಲಿಸಿದ್ದಾರೆ ಎಂದು ಕೇಳಿ ಸುಮ್ಮನಿರಲಾಗಲಿಲ್ಲ.

ರೈಲಿಳಿದರೆ ಕಾಲುದಾರಿ

ನೀಸ್ ನಗರದಿಂದ ಇಟಲಿಯ ಗಡಿಯ ಕಡೆಗೆ ಹೋಗುವ ಸಣ್ಣ ರೈಲು ಹತ್ತಬೇಕು. ಬಲಗಡೆಯ ಕಿಟಕಿ ಹಿಡಿದು ಕೂತರೆ ಮೆಡಿಟರೇನಿಯನ್ ಸಮುದ್ರ ಜೊತೆಯಲ್ಲೇ ಓಡಿ ಬರುತ್ತದೆ. ನಡುನಡುವೆ ಸುರಂಗ. ಕತ್ತಲು, ಥಟ್ಟನೆ ನೀಲಿ, ಮತ್ತೆ ಕತ್ತಲು. ಕೊಂಕಣ ರೈಲಿನಲ್ಲಿ ಹೋದವರಿಗೆ ಈ ಕಣ್ಣುಮುಚ್ಚಾಲೆ ಹೊಸತೇನಲ್ಲ. ಮೊನಾಕೊ ಎಂಬ ಪುಟ್ಟ ದೇಶದ ನಿಲ್ದಾಣ ಕಳೆದ ಮೇಲೆ ಸಿಗುವುದೇ ನಾವು ಇಳಿಯಬೇಕಾದ ರೊಕ್‌ಬ್ರ್ಯೂನ್ ಕಾಪ್ ಮಾರ್ತಾಂ. ಅಲ್ಲಿಂದ ಮುಂದೆ ಕಾಲ್ನಡಿಗೆಯೇ ಗತಿ. ಒಂದು ಬದಿಗೆ ರೈಲು ಹಳಿ, ಇನ್ನೊಂದು ಬದಿಗೆ ಕೆಳಗೆ ಕಡಲು, ನಡುವೆ ಹಿಂದಿನ ಕಾಲದಲ್ಲಿ ಸುಂಕದವರು ಕಳ್ಳಸಾಗಣೆದಾರರನ್ನು ಕಾಯುತ್ತ ಓಡಾಡುತ್ತಿದ್ದ ಕಾಲುದಾರಿ.

ಐಲೀನ್ ಗ್ರೇ ಮನೆ ಕಟ್ಟಲು ಹೊರಟಾಗ ಆ ಜಾಗಕ್ಕೆ ಗಾಡಿ ಹೋಗುವ ರಸ್ತೆಯೇ ಇರಲಿಲ್ಲ. ಸಿಮೆಂಟು, ಇಟ್ಟಿಗೆ, ಕಬ್ಬಿಣ ಎಲ್ಲವನ್ನೂ ಕೈಗಾಡಿಯಲ್ಲಿ ತಳ್ಳಿಕೊಂಡು ಹೋಗಬೇಕಾಗಿತ್ತು. 1926ರಲ್ಲಿ ಶುರುವಾದ ಕೆಲಸ ಮುಗಿದದ್ದು 1929ರಲ್ಲಿ. ಮೂರು ವರ್ಷಗಳ ಬಹುಪಾಲು ಸಮಯವನ್ನು ಅವಳು ಅಲ್ಲಿಯೇ ಕಳೆದಳು. ಬೆಳಿಗ್ಗೆ ಸೂರ್ಯ ಎಲ್ಲಿಂದ ಬರುತ್ತಾನೆ, ಮಧ್ಯಾಹ್ನ ಯಾವ ಮೂಲೆ ಕಾಯುತ್ತದೆ, ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎಂಬುದನ್ನೆಲ್ಲ ನೋಡಿ ನೋಡಿ ಮನೆಯ ನಕ್ಷೆ ಬರೆದಳು. ಗುಡ್ಡವನ್ನು ಕಡಿದು ಸಮತಟ್ಟು ಮಾಡಲಿಲ್ಲ. ಇಳಿಜಾರು ಹೇಗಿತ್ತೋ ಹಾಗೆಯೇ ಇಟ್ಟು, ಮನೆಯ ಒಂದು ಭಾಗವನ್ನು ತೆಳ್ಳಗಿನ ಕಂಬಗಳ ಮೇಲೆ ಎತ್ತಿ ನಿಲ್ಲಿಸಿದಳು.

ಇನ್ನೊಂದು ವಿಷಯ ಕೇಳಿ. ಅವಳು ವಾಸ್ತುಶಿಲ್ಪದ ಕಾಲೇಜಿಗೆ ಹೋದವಳಲ್ಲ. ಹುಟ್ಟಿದ್ದು 1878ರಲ್ಲಿ, ಐರ್ಲೆಂಡ್ ದೇಶದಲ್ಲಿ. ಚಿತ್ರಕಲೆ ಕಲಿಯಲೆಂದು ಹೊರಟವಳು. ಮರಕ್ಕೆ ಅರಗಿನ ಲೇಪ ಹಚ್ಚುವ ಕಲೆಯನ್ನು ಸೆಯ್‌ಜೊ ಸುಗವಾರಾ ಎಂಬ ಜಪಾನೀ ಕುಶಲಕರ್ಮಿಯಿಂದ ಪ್ಯಾರಿಸ್ಸಿನಲ್ಲಿ ಕಲಿತಳು. ಒಂದರ ಮೇಲೊಂದು ಲೇಪ ಹಚ್ಚಬೇಕು, ಪ್ರತಿ ಸಲವೂ ಒಣಗಲು ಬಿಡಬೇಕು, ಉಜ್ಜಿ ನಯ ಮಾಡಬೇಕು. ತಾಳ್ಮೆ ಇಲ್ಲದವರಿಗೆ ಒಗ್ಗದ ಕೆಲಸ. ನಮ್ಮ ಚನ್ನಪಟ್ಟಣದ ಗೊಂಬೆಗಳಿಗೂ ಅರಗಿನ ಬಣ್ಣವೇ ಅಲ್ಲವೇ? ಆ ಅರಗು, ಈ ಅರಗು ಬೇರೆ ಬೇರೆ. ನಮ್ಮದು ಹುಳದಿಂದ ಸಿಗುವುದು, ಜಪಾನಿನದು ಮರದ ಹಾಲಿನಿಂದ. ಆದರೆ ಬೇಕಾದ ತಾಳ್ಮೆ ಒಂದೇ. ಹೀಗೆ ಪೀಠೋಪಕರಣ, ರತ್ನಗಂಬಳಿ ಮಾಡುತ್ತಿದ್ದವಳು ಸುಮಾರು 48ನೇ ವಯಸ್ಸಿನಲ್ಲಿ ತನ್ನ ಮೊದಲ ಮನೆ ಕಟ್ಟಲು ಕೈಹಾಕಿದಳು. ಬಾದೊವಿಚಿ ರುಮೇನಿಯಾದಿಂದ ಬಂದ ವಾಸ್ತುಶಿಲ್ಪಿ, ವಾಸ್ತುಶಿಲ್ಪದ ಪತ್ರಿಕೆಯೊಂದರ ಸಂಪಾದಕ. ‘ನೀನೇ ಒಂದು ಮನೆ ಕಟ್ಟಿ ನೋಡು’ ಎಂದು ಹುರಿದುಂಬಿಸಿದವನು ಅವನು.

ನಿಂತ ಹಡಗಿನಂಥ ಮನೆ

ಮೇಲಿನ ದಾರಿಯಿಂದ ನೋಡಿದರೆ ಬಿಳಿಯ ಹಡಗೊಂದು ಗುಡ್ಡಕ್ಕೆ ಒರಗಿ ನಿಂತಂತೆ ಕಾಣುತ್ತದೆ. ಚಪ್ಪಟೆ ತಾರಸಿ, ಉದ್ದನೆಯ ಕಿಟಕಿಸಾಲು, ಹಡಗಿನ ಡೆಕ್ಕಿನಂಥ ಮೊಗಸಾಲೆ. ಮೊಗಸಾಲೆಯ ಕಬ್ಬಿಣದ ಕಂಬಿಗಳಿಗೆ ಹಾಯಿಬಟ್ಟೆ ಕಟ್ಟಿದೆ. ಬೇಸಿಗೆಯಲ್ಲಿ ಕಟ್ಟಿದರೆ ಮರೆ, ಚಳಿಗಾಲದಲ್ಲಿ ಬಿಚ್ಚಿದರೆ ಕಾಲಿಗೂ ಎಳೆಬಿಸಿಲು.

1920ರ ದಶಕ ಯುರೋಪಿನಲ್ಲಿ ಮನೆ ಕಟ್ಟುವ ರೀತಿಯೇ ಬದಲಾದ ಕಾಲ. ಅದಕ್ಕೂ ಹಿಂದೆ ದಪ್ಪ ಗೋಡೆ ಮಾಡನ್ನು ಹೊರಬೇಕಾಗಿತ್ತು. ಕಬ್ಬಿಣದ ಸರಳು ಹಾಕಿದ ಕಾಂಕ್ರೀಟು ಬಂದ ಮೇಲೆ ಕಂಬಗಳೇ ಭಾರ ಹೊತ್ತವು, ಗೋಡೆಗೆ ಬಿಡುಗಡೆ ಸಿಕ್ಕಿತು. ಬೇಕಾದಲ್ಲಿ ಗೋಡೆ, ಬೇಡವಾದಲ್ಲಿ ಬರೀ ಕಿಟಕಿ. ಕೆತ್ತನೆ, ಅಲಂಕಾರ ಬೇಡ, ಬೆಳಕು ಗಾಳಿ ಬರಲಿ ಎಂದರು ಹೊಸ ತಲೆಮಾರಿನ ವಾಸ್ತುಶಿಲ್ಪಿಗಳು. ಅವರಲ್ಲಿ ಎಲ್ಲರಿಗಿಂತ ದೊಡ್ಡ ಹೆಸರು ಲ ಕಾರ್ಬೂಸಿಯೇ ಅವರದು. ಹೌದು, ನಮ್ಮ ಚಂಡೀಗಢ ನಗರವನ್ನು ರೂಪಿಸಿದವರು ಅವರೇ. ಮನೆ ಎಂದರೆ ವಾಸಿಸುವ ಯಂತ್ರ ಎಂದು ಅವರು ಹೇಳುತ್ತಿದ್ದರು. ಐಲೀನ್ ಗ್ರೇಗೆ ಈ ಮಾತು ಒಪ್ಪಿಗೆಯಾಗಲಿಲ್ಲ. ಮನೆ ಯಂತ್ರವಲ್ಲ, ಅದು ಮನುಷ್ಯನಿಗೆ ಚಿಪ್ಪು ಇದ್ದ ಹಾಗೆ ಎಂಬುದು ಅವಳ ವಿಚಾರ. ಬಸವನಹುಳುವಿಗೆ ಚಿಪ್ಪು ಹೇಗೆ ಮೈಗೆ ಹೊಂದಿಕೊಂಡಿರುತ್ತದೋ, ಹಾಗೆ.

ಒಳಗೆ ಹೋಗುವ ಬಾಗಿಲ ಬಳಿ ಗೋಡೆಯ ಮೇಲೆ ಅಚ್ಚಿನ ಅಕ್ಷರಗಳಲ್ಲಿ ‘ನಿಧಾನವಾಗಿ ಒಳಗೆ ಬನ್ನಿ’ ಎಂದು ಫ್ರೆಂಚಿನಲ್ಲಿ ಬರೆದಿದೆ. ಸ್ವಲ್ಪ ಅತ್ತ ‘ನಗಬಾರದು’ ಎಂದೂ ಇದೆ! ಅದನ್ನು ಓದಿದ ಮೇಲೆ ನಗದೆ ಇರುವವರು ಯಾರು? ನಮ್ಮ ಗುಂಪಿನಲ್ಲಿದ್ದ ಎಲ್ಲರೂ ನಕ್ಕರು. ಒಳಗೂ ಹೀಗೆಯೇ. ಟೋಪಿ ಇಡುವಲ್ಲಿ ‘ಟೋಪಿ’, ದಿಂಬು ಇಡುವಲ್ಲಿ ‘ದಿಂಬು’, ರಾತ್ರಿಯ ಉಡುಪು ಇಡುವಲ್ಲಿ ‘ಪೈಜಾಮ’. ಅಡುಗೆಮನೆಯ ಡಬ್ಬಿಗಳಿಗೆ ‘ಸಾಸಿವೆ’, ‘ಮೆಂತ್ಯ’ ಎಂದು ಚೀಟಿ ಅಂಟಿಸುವ ಅಜ್ಜಿಯರು ಐಲೀನ್ ಗ್ರೇಯನ್ನು ಕಂಡಿದ್ದರೆ ಖಂಡಿತ ಮೆಚ್ಚುತ್ತಿದ್ದರು.

ಇಡೀ ಮನೆ ದೊಡ್ಡದೇನಲ್ಲ. ಆದರೆ ಎಲ್ಲವೂ ಮಡಚುತ್ತದೆ, ಸರಿಯುತ್ತದೆ, ತಿರುಗುತ್ತದೆ. ಕಿಟಕಿಗಳು ಹಾರ್ಮೋನಿಯಂ ತಿದಿಯ ಹಾಗೆ ಮಡಚಿಕೊಂಡು ಬದಿಗೆ ಸರಿದರೆ ಗೋಡೆಯೇ ಮಾಯ. ಎದುರಿಗೆ ಕಡಲು ಮಾತ್ರ. ಅಡುಗೆಮನೆಯನ್ನು ವಾಸದ ಭಾಗದಿಂದ ಬೇರೆಯಾಗಿಯೇ ಇಟ್ಟು, ಬೇಸಿಗೆಯಲ್ಲಿ ಹೊರಗೆ ಅಡುಗೆ ಮಾಡುವುದಕ್ಕೂ ಅನುಕೂಲ ಮಾಡಿದ್ದಾಳೆ. ಆ ಸೀಮೆಯ ಹೆಂಗಸರು ಬೇಸಿಗೆಯಲ್ಲಿ ಅಂಗಳದಲ್ಲಿ ಅಡುಗೆ ಮಾಡುವುದನ್ನು ನೋಡಿ ಕಲಿತದ್ದಂತೆ. ಹೊಗೆಯೂ ವಾಸನೆಯೂ ಒಳಗೆ ಬಾರದಿರಲಿ ಎಂದು ನಮ್ಮ ಹಿರಿಯರು ಮಾಡಿದ್ದೂ ಅದನ್ನೇ ಅಲ್ಲವೇ?

ಮಂಚದ ಪಕ್ಕದ ಒಂದು ಮೇಜು ಬಹಳ ಪ್ರಸಿದ್ಧ. ಉಕ್ಕಿನ ಕೊಳವೆಯ ಚೌಕಟ್ಟು, ಮೇಲೆ ದುಂಡನೆಯ ಗಾಜು. ಅದರ ಎತ್ತರವನ್ನು ಹೆಚ್ಚು ಕಡಿಮೆ ಮಾಡಬಹುದು. ಕೆಳಗಿನ ಬಳೆಯನ್ನು ಮಂಚದಡಿಗೆ ತೂರಿಸಿದರೆ ಮೇಜು ಹಾಸಿಗೆಯ ಮೇಲೆಯೇ ಬಂದು ನಿಲ್ಲುತ್ತದೆ. ಹಾಸಿಗೆಯಲ್ಲಿ ಕೂತು ತಿಂಡಿ ತಿನ್ನುವ ಚಪಲ ಇದ್ದ ತನ್ನ ಅಕ್ಕನಿಗಾಗಿ, ಚೂರುಪಾರು ಹಾಸಿಗೆಗೆ ಬೀಳದಿರಲಿ ಎಂದು ಇದನ್ನು ಮಾಡಿದಳು ಎಂಬ ಕಥೆಯಿದೆ. ಈ ಮೇಜಿನ ಹೆಸರೂ ‘ಇ-1027’. ಇವತ್ತಿಗೂ ಇದನ್ನು ತಯಾರಿಸಿ ಮಾರುತ್ತಾರೆ. ಜಗತ್ತಿನ ಎಷ್ಟೋ ಅಂಗಡಿಗಳಲ್ಲಿ ಇದರ ನಕಲುಗಳೂ ಸಿಗುತ್ತವೆ. ನಿಮ್ಮ ಪರಿಚಯದವರ ಮನೆಯಲ್ಲೂ ಇದ್ದೀತು.

ಮನೆಗೆ ಬಂದ ಕಷ್ಟಗಳು

ಇಷ್ಟು ಪ್ರೀತಿಯಿಂದ ಕಟ್ಟಿದ ಮನೆಯಲ್ಲಿ ಐಲೀನ್ ಗ್ರೇ ಹೆಚ್ಚು ವರ್ಷ ಇರಲಿಲ್ಲ. ಮನೆ ಇದ್ದದ್ದು ಬಾದೊವಿಚಿಯ ಹೆಸರಿನಲ್ಲಿ. 1930ರ ದಶಕದ ಮೊದಲಲ್ಲೇ ಇಬ್ಬರೂ ಬೇರೆಯಾದರು. ಅವಳು ಅದೇ ಸೀಮೆಯ ಕಾಸ್ತೆಲಾರ್ ಎಂಬ ಹಳ್ಳಿಯ ಬಳಿ ತನಗೊಂದು ಬೇರೆ ಮನೆ ಕಟ್ಟಿಕೊಂಡು ಹೊರಟುಹೋದಳು.

ಬಾದೊವಿಚಿಯ ಗೆಳೆಯರಾದ ಲ ಕಾರ್ಬೂಸಿಯೇ ಆ ಮನೆಗೆ ಬಂದು ಉಳಿಯುತ್ತಿದ್ದರು. ಮನೆಯನ್ನು ಬಹಳ ಹೊಗಳಿ ಐಲೀನ್‌ಗೆ ಪತ್ರವನ್ನೂ ಬರೆದರು. ಆದರೆ 1938 ಮತ್ತು 1939ರಲ್ಲಿ ಅಲ್ಲಿನ ಗೋಡೆಗಳ ಮೇಲೆ ದೊಡ್ಡ ದೊಡ್ಡ ಬಣ್ಣದ ಚಿತ್ರಗಳನ್ನು ಬರೆದುಬಿಟ್ಟರು. ಮನೆ ಕಟ್ಟಿದವಳನ್ನು ಕೇಳಲಿಲ್ಲ. ಗೋಡೆ ಖಾಲಿ ಬಿಟ್ಟದ್ದು ಬೇಕೆಂದೇ, ಬೆಳಕು ಅದರ ಮೇಲೆ ಆಡಲಿ ಎಂದೇ. ಅದು ತಿಳಿದಾಗ ಐಲೀನ್‌ಗೆ ಆದ ನೋವು ಕೊನೆಯವರೆಗೂ ಮಾಯಲಿಲ್ಲ. ಇದರಿಂದಾಗಿ ಬಾದೊವಿಚಿಗೂ ಲ ಕಾರ್ಬೂಸಿಯೇಗೂ ಮನಸ್ತಾಪವಾಯಿತು.

ಆಮೇಲೆ ಎರಡನೇ ಮಹಾಯುದ್ಧ. ಸೈನಿಕರು ಮನೆಯನ್ನು ಹಿಡಿದುಕೊಂಡರು. ಗೋಡೆಗಳಲ್ಲಿ ಗುಂಡಿನ ತೂತುಗಳಾದವು. 1956ರಲ್ಲಿ ಬಾದೊವಿಚಿ ತೀರಿಕೊಂಡ. ಮನೆ ಕೈಯಿಂದ ಕೈಗೆ ಹೋಯಿತು. 1990ರ ದಶಕದ ಹೊತ್ತಿಗೆ ಒಳಗಿನ ಪೀಠೋಪಕರಣಗಳೂ ಹರಾಜಾದವು. ಕೆಲವು ಇಂದು ಪ್ಯಾರಿಸ್ಸಿನ ಪಾಂಪಿದೂ ಕೇಂದ್ರದ ವಸ್ತುಸಂಗ್ರಹಾಲಯದಲ್ಲಿವೆ. ಕೊನೆಗೆ ಮನೆ ಹಾಳುಬಿತ್ತು. ಬಾಗಿಲು ಒಡೆದು ನುಗ್ಗಿದವರು ಒಳಗೆ ವಾಸ ಮಾಡಿದರು, ಗೋಡೆ ಗೀಚಿದರು, ಕಿಟಕಿ ಮುರಿದರು.

ಇದೆಲ್ಲ ಮನುಷ್ಯರು ಮಾಡಿದ ಹಾನಿ. ಇನ್ನೊಬ್ಬ ಶತ್ರು ಸದ್ದಿಲ್ಲದೆ ತನ್ನ ಕೆಲಸ ಮಾಡುತ್ತಲೇ ಇದ್ದ. ಅವನೇ ಉಪ್ಪು.

ಉಪ್ಪು ಕಾಂಕ್ರೀಟನ್ನು ಹೇಗೆ ತಿನ್ನುತ್ತದೆ?

ನಮ್ಮ ಕಾರವಾರದಿಂದ ಉಳ್ಳಾಲದವರೆಗಿನ ಯಾವ ಊರಿನವರನ್ನಾದರೂ ಕೇಳಿ, ಮನೆಯ ಸಜ್ಜದ ಕೆಳಗೆ ಸಿಮೆಂಟು ಉದುರಿ ತುಕ್ಕು ಹಿಡಿದ ಸರಳು ಹಲ್ಲು ಕಿರಿಯುವುದನ್ನು ಅವರು ಕಂಡೇ ಇರುತ್ತಾರೆ. ಅದು ಹೀಗಾಗುತ್ತದೆ. ಕಾಂಕ್ರೀಟು ಕಲ್ಲಿನಂತೆ ಕಂಡರೂ ಅದರೊಳಗೆ ಕಣ್ಣಿಗೆ ಕಾಣದ ಸಣ್ಣ ರಂಧ್ರಗಳಿರುತ್ತವೆ. ಹೊಸ ಕಾಂಕ್ರೀಟು ಸುಣ್ಣದ ಹಾಗೆ ಕ್ಷಾರಗುಣದ್ದು. ಆ ಗುಣ ಇರುವ ತನಕ ಒಳಗಿನ ಉಕ್ಕಿನ ಸರಳಿಗೆ ತುಕ್ಕು ಹಿಡಿಯದು. ಆದರೆ ಕಡಲ ಗಾಳಿಯಲ್ಲಿ ತೇಲಿಬರುವ ಉಪ್ಪಿನ ಅಂಶ ತೇವದೊಂದಿಗೆ ಮೆಲ್ಲಮೆಲ್ಲನೆ ರಂಧ್ರಗಳ ಮೂಲಕ ಒಳಗಿಳಿದು ಸರಳನ್ನು ಮುಟ್ಟುತ್ತದೆ. ಅಲ್ಲಿಗೆ ರಕ್ಷಣೆ ಮುಗಿಯಿತು, ತುಕ್ಕು ಶುರು.

ತುಕ್ಕಿಗೆ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಕು. ಒಳಗೆ ಜಾಗ ಎಲ್ಲಿದೆ? ಅದು ಕಾಂಕ್ರೀಟನ್ನೇ ತಳ್ಳುತ್ತದೆ. ಗೋಡೆಯ ಸಂದಿಯಲ್ಲಿ ಹುಟ್ಟಿದ ಅರಳಿ ಗಿಡ ಬೇರು ದಪ್ಪ ಮಾಡಿಕೊಂಡು ಗೋಡೆಯನ್ನೇ ಸೀಳುವುದಿಲ್ಲವೇ, ಹಾಗೆಯೇ. ಬಿರುಕು ಬಿಟ್ಟರೆ ಇನ್ನಷ್ಟು ಉಪ್ಪು, ಇನ್ನಷ್ಟು ನೀರು, ಇನ್ನಷ್ಟು ತುಕ್ಕು. ಹೊರಗಿನಿಂದ ಸಿಮೆಂಟು ಮೆತ್ತಿ ಬಣ್ಣ ಹೊಡೆದರೆ ಒಂದೆರಡು ಮಳೆಗಾಲ ಮುಖ ಚೆನ್ನಾಗಿ ಕಾಣಬಹುದು, ಒಳಗಿನ ಕಾಯಿಲೆ ಹಾಗೆಯೇ ಇರುತ್ತದೆ.

ನೂರು ವರ್ಷದ ಹಿಂದೆ ಕಾಂಕ್ರೀಟು ಹೊಸ ವಸ್ತು. ಉಪ್ಪು ಹೀಗೆ ಮಾಡುತ್ತದೆಂದು ಕಟ್ಟುವವರಿಗೆ ಅಷ್ಟಾಗಿ ತಿಳಿದಿರಲಿಲ್ಲ. ಅಂದದ ತೆಳ್ಳನೆಯ ಕಂಬ, ತೆಳ್ಳನೆಯ ಚಪ್ಪಡಿ ಎಂದು ಹೊರಟಾಗ ಸರಳಿನ ಮೇಲಿನ ಸಿಮೆಂಟಿನ ಹೊದಿಕೆಯೂ ತೆಳ್ಳಗೇ ಆಯಿತು. ಹಾಗಾಗಿ ಆ ಕಾಲದ ಕಡಲತಡಿಯ ಮನೆಗಳನ್ನು ಉಳಿಸುವುದು ಕೋಟೆ, ದೇವಸ್ಥಾನ ಉಳಿಸುವುದಕ್ಕಿಂತಲೂ ತೊಡಕಿನ ಕೆಲಸ. ಕಂಬವನ್ನು ದಪ್ಪ ಮಾಡಿದರೆ ಮನೆ ಗಟ್ಟಿಯಾದೀತು, ಆದರೆ ಅದು ಆ ಮನೆಯಾಗಿ ಉಳಿಯುವುದಿಲ್ಲ. ತೆಳ್ಳಗೇ ಇಟ್ಟು ಗಟ್ಟಿ ಮಾಡಬೇಕು. ನಾಜೂಕಿನ ವೈದ್ಯ.

ಯಾವ ವರ್ಷದ ಮನೆ?

1999ರಲ್ಲಿ ಫ್ರಾನ್ಸಿನ ಕಡಲತೀರ ಸಂರಕ್ಷಣೆಯ ಸರ್ಕಾರಿ ಸಂಸ್ಥೆ ‘ಕೊನ್ಸರ್ವಾತ್ವಾರ್ ದ್ಯು ಲಿತೊರಾಲ್’ ಈ ಮನೆಯನ್ನು ಕೊಂಡಿತು. 2000ದಲ್ಲಿ ಅದಕ್ಕೆ ಐತಿಹಾಸಿಕ ಸ್ಮಾರಕದ ಪೂರ್ಣ ರಕ್ಷಣೆ ಸಿಕ್ಕಿತು. ದುರಸ್ತಿ ಒಂದೇ ಸಲಕ್ಕೆ ಮುಗಿಯಲಿಲ್ಲ. ಮೊದಲ ಹಂತದ ಕೆಲಸವನ್ನು ತಿಳಿದವರು ಟೀಕಿಸಿದರು. 2014ರಲ್ಲಿ ‘ಕಾಪ್ ಮೊಡೆರ್ನ್’ ಎಂಬ ಸಂಘ ಹುಟ್ಟಿ, ಹಣ ಕೂಡಿಸಿ, ಪರಿಣತರನ್ನು ಸೇರಿಸಿ ಕೆಲಸವನ್ನು ಮುಂದುವರಿಸಿತು. ಪೂರ್ತಿ ಸಿದ್ಧಗೊಂಡ ಮನೆ ಜನರಿಗೆ ತೆರೆದದ್ದು 2021ರಲ್ಲಿ. ಕಟ್ಟಲು ಮೂರು ವರ್ಷ, ಉಳಿಸಿಕೊಳ್ಳಲು ಇಪ್ಪತ್ತಕ್ಕೂ ಹೆಚ್ಚು ವರ್ಷ!

ಹಳೆಯ ಮನೆಯನ್ನು ‘ಮೊದಲಿದ್ದಂತೆ’ ಮಾಡಬೇಕು ಎನ್ನುವುದು ಸುಲಭ. ಆದರೆ ಮೊದಲು ಎಂದರೆ ಯಾವಾಗ? ಮನೆಯೂ ಮನುಷ್ಯರ ಹಾಗೆ ಬದಲಾಗುತ್ತಲೇ ಇರುತ್ತದೆ. ಇಲ್ಲಿಯವರು 1929 ಎಂದು ನಿಶ್ಚಯಿಸಿದರು. ಅಂದರೆ ಐಲೀನ್ ಗ್ರೇ ಕೆಲಸ ಮುಗಿಸಿ ಕೈತೊಳೆದುಕೊಂಡ ವರ್ಷ.

ಸರಿ, 1929ರಲ್ಲಿ ಹೇಗಿತ್ತು ಎಂದು ಗೊತ್ತಾಗುವುದು ಹೇಗೆ? ಇಲ್ಲಿಯೇ ಬಾದೊವಿಚಿಯ ಪತ್ರಿಕೆ ಕೈಹಿಡಿದದ್ದು. ಆ ವರ್ಷ ಅವನು ತನ್ನ ‘ಜೀವಂತ ವಾಸ್ತುಶಿಲ್ಪ’ ಎಂಬ ಅರ್ಥದ ಹೆಸರಿನ ಪತ್ರಿಕೆಯಲ್ಲಿ ಈ ಮನೆಗೆಂದೇ ವಿಶೇಷ ಸಂಚಿಕೆ ತಂದಿದ್ದ. ನಕ್ಷೆಗಳು, ಫೋಟೊಗಳು, ಪ್ರತಿಯೊಂದು ಮೂಲೆಯ ವಿವರಣೆ, ಎಲ್ಲವೂ ಅದರಲ್ಲಿದ್ದವು. ಹರಾಜಾಗಿ ಹೋದ ಪೀಠೋಪಕರಣಗಳನ್ನು ಆ ಫೋಟೊಗಳನ್ನೂ ವಸ್ತುಸಂಗ್ರಹಾಲಯದಲ್ಲಿರುವ ಮೂಲ ವಸ್ತುಗಳನ್ನೂ ನೋಡಿಕೊಂಡು ಕುಶಲಕರ್ಮಿಗಳು ಮತ್ತೆ ಮಾಡಿದರು. ಗೋಡೆಗೆ ಹೊಂದಿಸಿದ ಕಪಾಟು, ತಿರುಗುವ ಡ್ರಾಯರು, ಮಡಚುವ ಮೇಜು, ಒಂದೊಂದೂ ಹೊಸದಾಗಿ ಮಾಡಿದ ಹಳೆಯ ವಸ್ತು.

ಗೋಡೆಯ ಬಣ್ಣದ ಬಗ್ಗೆ ಮಾತು ಬಂದಾಗ ಮೊಮ್ಮಗಳು ನನ್ನ ಕಿವಿಯಲ್ಲಿ, “ಅಜ್ಜ, ಎಲ್ಲ ಬಿಳಿ ಅಂದುಕೊಂಡಿದ್ದೆ, ಇಲ್ಲಿ ನೀಲಿ ಉಂಟು, ಕಪ್ಪು ಉಂಟು, ನಸುಗೆಂಪು ಉಂಟು” ಎಂದಳು. ನಿಜ. ಆ ಕಾಲದ ಫೋಟೊಗಳು ಕಪ್ಪು ಬಿಳುಪು. ಹಾಗಾಗಿ ಅಂದಿನ ಮನೆಗಳೆಲ್ಲ ಬರೀ ಬಿಳಿ ಎಂದು ಜಗತ್ತು ನಂಬಿಬಿಟ್ಟಿತ್ತು.

ಅಳಿಸಬೇಕೋ, ಉಳಿಸಬೇಕೋ?

ಈಗ ನಿಜವಾದ ಇಕ್ಕಟ್ಟಿನ ಪ್ರಶ್ನೆ. 1929ರ ಮನೆ ಬೇಕೆಂದರೆ 1938ರ ನಂತರ ಬಂದ ಲ ಕಾರ್ಬೂಸಿಯೇ ಚಿತ್ರಗಳನ್ನು ಏನು ಮಾಡುವುದು? ಅಳಿಸಿದರೆ ಮನೆ ಐಲೀನ್ ಇಷ್ಟಪಟ್ಟಂತೆ ಆಗುತ್ತದೆ. ಆದರೆ ಅವು ಇಪ್ಪತ್ತನೇ ಶತಮಾನದ ಬಹು ದೊಡ್ಡ ವಾಸ್ತುಶಿಲ್ಪಿಯ ಕೈಯಿಂದ ಬಂದ ಚಿತ್ರಗಳು. ಒಮ್ಮೆ ಅಳಿಸಿದರೆ ಮತ್ತೆ ಬರುವುದಿಲ್ಲ. ಇನ್ನೊಂದು ಸಂಗತಿಯನ್ನೂ ಮರೆಯಬಾರದು. ಐಲೀನ್ ಗ್ರೇ ಹೆಸರನ್ನೇ ಜನ ಮರೆತಿದ್ದ ದಶಕಗಳಲ್ಲಿ ಈ ಮನೆಯ ಕಡೆಗೆ ಕೆಲವರಾದರೂ ತಿರುಗಿ ನೋಡಿದ್ದು ಆ ಚಿತ್ರಗಳ ಕಾರಣದಿಂದಲೂ ಹೌದು.

ಕೊನೆಗೆ ಚಿತ್ರಗಳನ್ನು ಉಳಿಸಿಕೊಂಡರು. ಇಂದು ಹೋದವರು ಎರಡನ್ನೂ ನೋಡುತ್ತಾರೆ. ಮನೆಯನ್ನೂ, ಮನೆಯ ಮೇಲೆ ಬಿದ್ದ ಆ ಬಣ್ಣವನ್ನೂ. ಇದು ಯಾರ ಕೆಲಸ, ಯಾರನ್ನು ಕೇಳದೆ ಮಾಡಿದ್ದು ಎಂಬುದನ್ನೂ ಮುಚ್ಚಿಡದೆ ಹೇಳುತ್ತಾರೆ.

ನನ್ನ ಮೊಮ್ಮಗಳಿಗೆ ಇದು ಸ್ವಲ್ಪವೂ ಹಿಡಿಸಲಿಲ್ಲ. “ನನ್ನ ಡ್ರಾಯಿಂಗ್ ಪುಸ್ತಕದಲ್ಲಿ ಬೇರೆಯವರು ಬರೆದರೆ, ಅವರು ಎಷ್ಟೇ ಚೆನ್ನಾಗಿ ಬರೆದರೂ, ಅದು ನನ್ನ ಪುಸ್ತಕ ಅಲ್ವಾ?” ಎಂಬುದು ಅವಳ ವಾದ. ನಾನು ಉಳಿಸಿದ್ದು ಸರಿ ಎಂದೆ. ಕೆಟ್ಟದ್ದು ನಡೆದ ಗುರುತನ್ನು ಒರೆಸಿಬಿಟ್ಟರೆ, ಕೆಟ್ಟದ್ದು ನಡೆದೇ ಇಲ್ಲ ಎಂದಾಗಿಬಿಡುತ್ತದಲ್ಲ ಎಂದು ವಾದಿಸಿದೆ. “ಹಾಗಾದರೆ ಅವಳು ಸಾಯುವ ತನಕ ಅದನ್ನು ಸಹಿಸಿಕೊಳ್ಳಬೇಕಿತ್ತಾ?” ಎಂದು ಕೇಳಿದಳು. ಅದಕ್ಕೆ ನನ್ನಲ್ಲಿ ಒಳ್ಳೆಯ ಉತ್ತರ ಇರಲಿಲ್ಲ. ಓದುವ ಮಕ್ಕಳೇ, ನೀವು ಯಾರ ಪಕ್ಷ? ನಿಮ್ಮ ಅಜ್ಜ ಅಜ್ಜಿಯರ ಜೊತೆ ಕೂತು ಒಂದು ಸಣ್ಣ ಚರ್ಚೆ ಮಾಡಿ ನೋಡಿ.

ಪಕ್ಕದ ಪುಟ್ಟ ಗುಡಿಸಲು

ಮನೆಯ ಸ್ವಲ್ಪ ಮೇಲೆಯೇ ಮರದ ಹಲಗೆಗಳ ಒಂದು ಗುಡಿಸಲಿದೆ. ಅದು ಲ ಕಾರ್ಬೂಸಿಯೇ 1952ರಲ್ಲಿ ತಮಗಾಗಿ ಕಟ್ಟಿಸಿಕೊಂಡದ್ದು. ಉದ್ದ ಅಗಲ ಎರಡೂ 3.66 ಮೀಟರು, ಎತ್ತರ 2.26 ಮೀಟರು. ಕೈ ಎತ್ತಿ ನಿಂತ ಮನುಷ್ಯನ ಅಳತೆಯಿಂದ ಲೆಕ್ಕ ಹಾಕಿದ ಎತ್ತರ. ಚಂಡೀಗಢದಂಥ ನಗರವನ್ನು ರೂಪಿಸುತ್ತಿದ್ದವರು ಬೇಸಿಗೆ ರಜೆಗೆ ಬಂದು ಉಳಿಯುತ್ತಿದ್ದದ್ದು ಈ ಒಂದು ಕೋಣೆಯಲ್ಲಿ! 2016ರಲ್ಲಿ ಯುನೆಸ್ಕೊ ಏಳು ದೇಶಗಳಲ್ಲಿರುವ ಅವರ 17 ಕಟ್ಟಡಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಚಂಡೀಗಢದ ಕ್ಯಾಪಿಟಲ್ ಸಂಕೀರ್ಣವೂ ಈ ಗುಡಿಸಲೂ ಒಂದೇ ಪಟ್ಟಿಯಲ್ಲಿ ಕೂತವು. ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯ ಕಲ್ಲುಗೋಡೆಯ ಸುಂದರ ಆವರಣವನ್ನು ರೂಪಿಸಿದ ಬಿ. ವಿ. ದೋಶಿಯವರು ತಮ್ಮ ಯೌವನದಲ್ಲಿ ಕೆಲಸ ಕಲಿತದ್ದು ಪ್ಯಾರಿಸ್ಸಿನಲ್ಲಿ, ಇದೇ ಲ ಕಾರ್ಬೂಸಿಯೇ ಅವರ ಬಳಿ.

1965ರ ಆಗಸ್ಟ್ 27ರಂದು ಇದೇ ಕಡಲಿನಲ್ಲಿ ಈಜಲು ಇಳಿದ ಲ ಕಾರ್ಬೂಸಿಯೇ ಜೀವಂತ ಮರಳಲಿಲ್ಲ. ಮೇಲಿನ ಊರಿನ ಸ್ಮಶಾನದಲ್ಲಿ ಪತ್ನಿಯೊಂದಿಗೆ ಅವರ ಸಮಾಧಿಯಿದೆ.

ಐಲೀನ್ ಗ್ರೇ 98 ವರ್ಷ ಬದುಕಿದಳು. ಎಷ್ಟೋ ಕಾಲ ಈ ಮನೆಯನ್ನು ಕಟ್ಟಿದವರು ಬೇರೆ ಯಾರೋ ಎಂದೇ ಜನ ತಿಳಿದಿದ್ದರು. 1968ರಲ್ಲಿ ಜೋಸೆಫ್ ರಿಕ್ವರ್ಟ್ ಎಂಬ ವಿದ್ವಾಂಸರು ಅವಳ ಬಗ್ಗೆ ಲೇಖನ ಬರೆದ ಮೇಲೆ ಜಗತ್ತು ಮತ್ತೆ ಅವಳತ್ತ ತಿರುಗಿತು. ಆಗ ಅವಳ ವಯಸ್ಸು 90ರ ಹತ್ತಿರ. 1976ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡಳು. 2009ರಲ್ಲಿ ಅವಳು ಮಾಡಿದ ಒಂದು ಕುರ್ಚಿ ಹರಾಜಿನಲ್ಲಿ ಸುಮಾರು 2 ಕೋಟಿ 19 ಲಕ್ಷ ಯೂರೊಗೆ ಹೋಯಿತು. ತನ್ನ ಮನೆ ಮತ್ತೆ ತನ್ನ ಹೆಸರಿನಲ್ಲಿ ಎದ್ದು ನಿಂತದ್ದನ್ನು ನೋಡಲು ಅವಳಿರಲಿಲ್ಲ.

ಹೋಗುವವರಿಗೆ

ಒಳಗೆ ಹೋಗಲು ಮುಂಗಡವಾಗಿ ಸಮಯ ಕಾದಿರಿಸಬೇಕು. ಸಣ್ಣ ಸಣ್ಣ ಗುಂಪುಗಳನ್ನು ಮಾರ್ಗದರ್ಶಕರು ಕರೆದೊಯ್ಯುತ್ತಾರೆ. ಕಾಲುದಾರಿಯಲ್ಲೂ ಮನೆಯ ಸುತ್ತಲೂ ಮೆಟ್ಟಿಲುಗಳು ಬಹಳ. ಮಂಡಿನೋವಿನ ಅಜ್ಜ ಅಜ್ಜಿಯರು ಊರುಗೋಲು ಮರೆಯಬೇಡಿ. ನೀರಿನ ಬಾಟಲಿ, ಟೋಪಿ ಇರಲಿ. ಗೋಡೆ, ಪೀಠೋಪಕರಣ ಯಾವುದನ್ನೂ ಮುಟ್ಟುವಂತಿಲ್ಲ. ಮಕ್ಕಳಿಗೆ ಇದೊಂದು ಕಷ್ಟ, ಏಕೆಂದರೆ ಅಲ್ಲಿರುವ ಪ್ರತಿಯೊಂದು ವಸ್ತುವೂ ‘ನನ್ನನ್ನು ಎಳೆದು ನೋಡು, ತಿರುಗಿಸಿ ನೋಡು’ ಎನ್ನುವಂತಿದೆ. ತೋಟದ ಮೆಟ್ಟಿಲು ಮೆಟ್ಟಿಲಾದ ಪಾತಿಗಳಲ್ಲಿ ನಿಂಬೆ ಗಿಡಗಳಿವೆ. ಪಕ್ಕದ ಮಾಂತೊಂ ಊರು ನಿಂಬೆಗೇ ಹೆಸರುವಾಸಿ. ಅಲ್ಲಿನ ನಿಂಬೆಯ ಪಾನಕ ನಮ್ಮ ಬಾಯಿಗೂ ಹಿಡಿಸುತ್ತದೆ.

ಫ್ರಾನ್ಸಿಗೆ ಎಲ್ಲರಿಗೂ ಹೋಗಲಾದೀತೇ? ಬೇಡ. ಇಲ್ಲಿಯೇ ಮಾಡಬಹುದಾದ ಒಂದು ಕೆಲಸ ಹೇಳುತ್ತೇನೆ. ಆ ಮನೆಯನ್ನು ಉಳಿಸಿದ್ದರಲ್ಲಿ ಹಣಕ್ಕಿಂತ ಮೊದಲು ನಿಲ್ಲುವುದು 1929ರ ಆ ಫೋಟೊಗಳು ಮತ್ತು ನಕ್ಷೆಗಳು. ನಮ್ಮೂರುಗಳಲ್ಲಿ ಹಳೆಯ ಮನೆಗಳು ದಿನಕ್ಕೊಂದರಂತೆ ಬೀಳುತ್ತಿವೆ. ಕೆಲವನ್ನು ಉಳಿಸಿಕೊಳ್ಳಲು ಆಗುವುದೂ ಇಲ್ಲ, ಕಷ್ಟ ನನಗೂ ಗೊತ್ತು. ಆದರೆ ಈ ದಸರಾ ರಜೆಯಲ್ಲಿ ಅಜ್ಜನ ಮನೆಗೆ ಹೋದಾಗ ಒಂದು ಟೇಪು, ಒಂದು ನೋಟ್‌ಬುಕ್ಕು, ಒಂದು ಫೋನು ಹಿಡಿದುಕೊಳ್ಳಿ. ಜಗಲಿಯ ಉದ್ದ ಎಷ್ಟು, ಕಂಬ ಎಷ್ಟು, ಅಂಗಳಕ್ಕೆ ಬಿಸಿಲು ಎಷ್ಟು ಗಂಟೆಗೆ ಬರುತ್ತದೆ ಎಂದು ಅಳೆದು ಬರೆದುಕೊಳ್ಳಿ. ಬಾಗಿಲ ಚಿಲಕ, ದೀಪದ ಗೂಡು, ಹೆಂಚಿನ ಮೇಲಿನ ಮುದ್ರೆ, ಎಲ್ಲದರ ಚಿತ್ರ ತೆಗೆಯಿರಿ. ಇದನ್ನು ಇಲ್ಲಿ ಯಾಕೆ ಇಟ್ಟರು ಎಂದು ಅಜ್ಜಿಯನ್ನು ಕೇಳಿ ಪಕ್ಕದಲ್ಲಿ ಬರೆಯಿರಿ. ಅಳೆಯುವವರು ಮಕ್ಕಳಾಗಲಿ, ಹೇಳುವವರು ಹಿರಿಯರಾಗಲಿ. ಬರೆದವರ ಹೆಸರು, ತಾರೀಖು ಹಾಕಲು ಮರೆಯಬೇಡಿ. ಮನೆ ಕಟ್ಟಿದ ಮೇಸ್ತ್ರಿಯ ಹೆಸರು ಯಾರಿಗಾದರೂ ನೆನಪಿದ್ದರೆ ಅದನ್ನು ಎಲ್ಲಕ್ಕಿಂತ ಮೇಲೆ, ಮೊದಲ ಸಾಲಿನಲ್ಲೇ ಬರೆಯಿರಿ.